ಮೂರು ತಾಸಿನ ಹರಟೆಗೆ ಮಂಟಪದ ಹೆಸರೇಕೆ?



ಬೈಲಹೊಂಗಲ, ಸವದತ್ತಿ ಕಡೆಯ ನಮ್ಮ ಹುಡುಗರು ಈಗ ಟ್ರ್ಯಾಕ್ಟರ್ ಮೇಲೆ ಹಾಡಷ್ಟೇ ಅಲ್ಲ, ಪಾಡ್‌ಕಾಸ್ಟನ್ನೂ ಕೇಳುತ್ತಾರೆ. ರಾಜಕಾರಣಿಯೊಬ್ಬರು ಆರಾಮಾಗಿ ಕೂತು ಬಾಲ್ಯ, ಬಡತನ, ತಾಯಿ, ಧ್ಯಾನ ಎಂದು ಎರಡು-ಮೂರು ತಾಸು ಮಾತಾಡುತ್ತಾರೆ. ಕೇಳಿದ ಹುಡುಗ ‘ಮನಷ್ಯಾ ಛಲೋ ಅದಾನ್ರೀ’ ಎನ್ನುತ್ತಾನೆ. ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಸವಭಕ್ತರಾದ ನಮ್ಮವರೇ ಕೆಲವರು ಇದನ್ನು ‘ಇಂದಿನ ಅನುಭವ ಮಂಟಪ’ ಎಂದು ಹೊಗಳುವುದನ್ನು ಕೇಳಿ ಸುಮ್ಮನಿರಲಾಗಲಿಲ್ಲ.

2025ರ ಜನವರಿಯಲ್ಲಿ ಪ್ರಧಾನಿ ಮೋದಿಯವರು ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರ ಪಾಡ್‌ಕಾಸ್ಟ್‌ಗೆ ಬಂದರು. ತಾನೂ ಮನುಷ್ಯ, ದೇವರಲ್ಲ ಎಂದರು. ಮಾರ್ಚ್‌ನಲ್ಲಿ ಅಮೆರಿಕದ ಲೆಕ್ಸ್ ಫ್ರಿಡ್‌ಮನ್ ಅವರೊಡನೆ ಮೂರು ತಾಸು ಮಾತಾಡಿದರು. ಟೀಕೆಯೇ ಪ್ರಜಾಪ್ರಭುತ್ವದ ಆತ್ಮ ಎಂಬ ಮಾತೂ ಅಲ್ಲಿ ಬಂತು. ಇದೇ ಪ್ರಧಾನಿಯವರು 2019ರ ಮೇ 17ರಂದು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದರೂ ಪ್ರಶ್ನೆಗಳನ್ನು ಪಕ್ಕದ ಅಮಿತ್ ಶಾ ಅವರಿಗೆ ಬಿಟ್ಟಿದ್ದರು. ಕಾಂಗ್ರೆಸ್ಸಿನವರು ಹಿಗ್ಗಬೇಕಿಲ್ಲ. ಭಾರತ್ ಜೋಡೋ ಯಾತ್ರೆಯ ದಿನಗಳಲ್ಲಿ ರಾಹುಲ್ ಗಾಂಧಿಯವರೂ ಊಟ-ತಿಂಡಿಯ ಚಾನೆಲ್ ಒಂದರಲ್ಲಿ ತಮ್ಮ ಇಷ್ಟದ ಅಡುಗೆ, ಮದುವೆಯ ಮಾತಾಡಿ ನಕ್ಕವರೇ. ಟ್ರಂಪ್ ಅವರಂತೂ 2024ರ ಚುನಾವಣೆಗೆ ಹನ್ನೊಂದು ದಿನ ಇರುವಾಗ ಜೋ ರೋಗನ್ ಅವರೊಡನೆ ಸುಮಾರು ಮೂರು ತಾಸು ಹರಟಿದ್ದು ಜಗತ್ತಿಗೇ ಗೊತ್ತು.

ಟಿವಿಯ ಕಿರುಚಾಟಕ್ಕಿಂತ ಇದು ವಾಸಿ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ತಾಸು ಸಿಕ್ಕರೆ ಮನುಷ್ಯನ ಒಳಗನ್ನು ತೆಗೆಯಬಹುದು. ಆದರೆ ಕೇಳುವವನಿಗೆ ಅತಿಥಿಯ ಮರ್ಜಿ ಬೇಕು. ಇವರು ಮುನಿಸಿಕೊಂಡು ಎದ್ದುಹೋದರೆ ಮುಂದಿನ ದೊಡ್ಡವರು ಬರುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳುವ ಜಾಗದಲ್ಲಿ ತಲೆದೂಗುವವರು ಕೂತಿರುತ್ತಾರೆ.

ಶೂನ್ಯಸಂಪಾದನೆಯನ್ನು ಒಮ್ಮೆ ತೆರೆದು ನೋಡಿ. ಅಲ್ಲಮಪ್ರಭುಗಳು ಸಿದ್ಧರಾಮರೊಡನೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರು. ಪ್ರಭುಗಳು ಒಳಗೆ ಬರಲಿಲ್ಲ. ಕೊನೆಗೆ ಬಿಜ್ಜಳನ ಭಂಡಾರಿಯೇ ಪೂಜೆ ಬಿಟ್ಟೆದ್ದು ಬಾಗಿಲಿಗೆ ಬರಬೇಕಾಯಿತು. ಅಕ್ಕಮಹಾದೇವಿಯವರಿಗೂ ಪ್ರವೇಶ ಸುಲಭವಾಗಿ ಸಿಗಲಿಲ್ಲ, ಕಠಿಣ ಪ್ರಶ್ನೆ ಎದುರಿಸಿದರು. ಕೆರೆ-ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮರನ್ನಂತೂ ಪ್ರಭುಗಳು ಸೊನ್ನಲಿಗೆಗೇ ಹೋಗಿ ಕೆಣಕಿದ್ದರು. ಇಂದಿನ ಭಾಷೆಯಲ್ಲಿ ಅವರು ಅಭಿವೃದ್ಧಿಯ ಹರಿಕಾರರು! ಶೂನ್ಯಸಿಂಹಾಸನದ ಮೇಲೆ ಕೂತವರು ಮಂತ್ರಿಯಲ್ಲ, ಪ್ರಶ್ನೆ ಕೇಳುವ ಜಂಗಮ. ಸ್ಟುಡಿಯೋದಲ್ಲಿ ಆ ಆಸನ ಯಾವುದು, ಯಾರಾದರೂ ತೋರಿಸಲಿ.

ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೆ ಬರವೇ? 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಲಿಂಗಾಯತ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. 2027ರ ಜನಗಣತಿ ಎದುರಿಗಿದೆ. ಲಿಂಗಾಯತರ ಮತ ಪಡೆದು ಗೆದ್ದವರನ್ನು ‘ಧರ್ಮದ ಕಾಲಂನಲ್ಲಿ ನೀವೇನು ಬರೆಸುತ್ತೀರಿ?’ ಎಂದು ಯಾವ ಚಾನೆಲ್ಲಾದರೂ ಕೇಳಲಿ, ಅವರು ಜಾರಿಕೊಂಡರೆ ಮತ್ತೆ ಕೇಳಲಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಕಳಸಾ-ಬಂಡೂರಿಯ ನೀರು ಮಲಪ್ರಭೆಗೆ ಇನ್ನೂ ಹರಿದಿಲ್ಲ. ಅದೇ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿತು. ನೀರಿಲ್ಲದಾಗಲೂ ಹೊಳೆ ಬಂದಾಗಲೂ ಕಣ್ಣೀರು ನಮ್ಮದೇ. ಕಿತ್ತೂರು ಉತ್ಸವದಲ್ಲಿ ಪ್ರತಿ ಅಕ್ಟೋಬರ್ ಚನ್ನಮ್ಮನ ಹೆಸರು ಕೂಗುವ ನಾಯಕರು ಈ ಲೆಕ್ಕ ಕೊಡುವುದು ಯಾವಾಗ?

ಇಷ್ಟು ಹೇಳಿ ಬರೀ ಪಾಡ್‌ಕಾಸ್ಟಿನವರನ್ನು ಬೈದರೆ ನ್ಯಾಯವಾಗದು. ರಾಜಕಾರಣಿಗೆ ಪ್ರಶ್ನೆಯಿಲ್ಲದ ಮೈಕಿನ ರುಚಿ ಹತ್ತಿಸಿದವರಲ್ಲಿ ನಾವೂ ಇದ್ದೇವೆ. ಜಾತ್ರೆ ಇರಲಿ, ಶ್ರಾವಣದ ಪ್ರವಚನ ಇರಲಿ, ಪೂಜ್ಯರ ಪಕ್ಕದ ಕುರ್ಚಿ ಶಾಸಕರಿಗೆ. ಹಾರ, ಶಾಲು, ಅರ್ಧ ತಾಸು ಭಾಷಣ. ಬಳಿಕ ‘ತುರ್ತು ಕಾರ್ಯಕ್ರಮ’ವೆಂದು ಹೊರಟೇ ಹೋಗುತ್ತಾರೆ. ಭಕ್ತರು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಾರೆ. ಕ್ಯಾಮೆರಾ ಒಂದನ್ನು ಬಿಟ್ಟರೆ ಸ್ಟುಡಿಯೋಗೂ ನಮ್ಮ ವೇದಿಕೆಗೂ ಏನು ವ್ಯತ್ಯಾಸ?

ಬೇರೆ ದಾರಿ ಇಲ್ಲದಿಲ್ಲ. 2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶ್ರೀಗಳು ‘ಮತ್ತೆ ಕಲ್ಯಾಣ’ ಅಭಿಯಾನಕ್ಕೆ ನಾಡು ಸುತ್ತಿದಾಗ ವಿದ್ಯಾರ್ಥಿಗಳ ಜೊತೆ ಸಂವಾದ ಇಟ್ಟಿದ್ದರು. ಕಾಲೇಜು ಮಕ್ಕಳು ಕೇಳಿದರು, ಸ್ವಾಮಿಗಳು ಉತ್ತರಿಸಿದರು. ಸ್ವಾಮಿಗಳಿಗೆ ಆಗುವುದು ಶಾಸಕರಿಗೆ, ಸಂಸದರಿಗೆ ಯಾಕೆ ಆಗಬಾರದು?

ನಮ್ಮ ಈ ನಾಲ್ಕು ತಾಲ್ಲೂಕುಗಳ ಮಠಗಳ ಪೂಜ್ಯರಲ್ಲಿ ನನ್ನದೊಂದು ಬಿನ್ನಹ. ಬರುವ ಶ್ರಾವಣದಿಂದ, ವೇದಿಕೆ ಹತ್ತಿದ ರಾಜಕಾರಣಿ ಎಷ್ಟು ಹೊತ್ತು ಮಾತಾಡುತ್ತಾರೋ ಅಷ್ಟೇ ಹೊತ್ತು ಮೈಕು ಕೆಳಗೆ ಕೂತವರ ಕೈಗೆ ಬರಲಿ. ಮೊದಲ ಪ್ರಶ್ನೆ ಹೆಣ್ಣುಮಕ್ಕಳದು. ಚೀಟಿಯಲ್ಲಿ ಬರೆದು ಮೊದಲೇ ಒಪ್ಪಿಸುವ ಪದ್ಧತಿ ಬೇಡ. ಹೀಗೆ ಮಾಡಿದರೆ ಯಾರೂ ಬರುವುದಿಲ್ಲ, ಮಠದ ಶಾಲೆಗೆ ಅನುದಾನ ನಿಲ್ಲುತ್ತದೆ ಎಂದು ಕಾರ್ಯದರ್ಶಿಗಳು ಹೇಳಿಯಾರು. ಅನುದಾನ ಸರ್ಕಾರದ್ದು, ಶಾಸಕರ ಮನೆಯದಲ್ಲ. ಬಾರದಿದ್ದರೆ ಬೇಡ, ಆ ದಿನದ ಹಾರ-ಶಾಲಿನ ದುಡ್ಡು ದಾಸೋಹಕ್ಕೆ ಹೋಗಲಿ.