ಮೀನಿಗೆ ಅದರದೇ ಹೆಸರಿರಲಿ



ನಮ್ಮ ಠಾಕುರ್ಲಿ, ಡೊಂಬಿವಲಿ, ಕಲ್ಯಾಣ್ ಕಡೆ ಹೆಚ್ಚಿನ ಹೋಟೆಲುಗಳ ಮೆನುಕಾರ್ಡಿನಲ್ಲಿ ಸುರ್ಮೈ, ಪಾಪ್ಲೆಟ್, ಬಂಗಡೆ ಬಿಟ್ಟರೆ ಬೇರೆ ಮೀನು ಕಾಣುವುದು ಅಪರೂಪ. ಸುರ್ಮೈ ದರ ಏರಿದರೆ ನಾವು ತುಂಡು ತೆಳ್ಳಗೆ ಮಾಡುತ್ತೇವೆ. ಥಾಲಿಗೆ ಪಾಪ್ಲೆಟ್ ಬೇಕೇ ಬೇಕೆಂದು ಅಂಗೈಯಷ್ಟೂ ಇಲ್ಲದ ಮರಿ ತರುತ್ತೇವೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ಬಿಳಿ ಪಾಪ್ಲೆಟನ್ನು ರಾಜ್ಯದ ಮೀನೆಂದು ಸಾರಿತು. ಅದೇ ವರ್ಷ 54 ಜಾತಿಯ ಮೀನುಗಳ ಮರಿ ಹಿಡಿಯಬಾರದೆಂಬ ನಿಯಮವೂ ಬಂತು. ಹಿಡಿಯುವವನಿಗೆ ನಿಯಮ ಇದೆ, ಕೊಳ್ಳುವ ನಮಗೆ ಮನಸ್ಸಾಕ್ಷಿ ಬೇಡವೇ? ಇನ್ನು ಬಾಸಾ ಬಡಿಸಿ ರಾವಸ್ ಎಂದು ಬಿಲ್ಲು ಮಾಡುವವರೂ ಇದ್ದಾರೆ. ಅವರ ಸುದ್ದಿ ಬೇಡ.

ಬೆಳಿಗ್ಗೆ ಒಮ್ಮೆ ಭಾವುಚಾ ಧಕ್ಕಾಕ್ಕೆ ಹೋಗಿ ನೋಡಿ. ರಾಣಿ, ಧೋಮಾ, ವಾಕ್ಟಿ ಬುಟ್ಟಿಗಟ್ಟಲೆ ಬಿದ್ದಿರುತ್ತವೆ. ಇವು ನಮ್ಮ ಊರಿನ ಮದ್ಮಲ್, ಕಲ್ಲೂರು, ಪಾಂಬೋಲ್ ಅಲ್ಲವೇ? ಮನೆಯಲ್ಲಿ ತಿಂದು ಬೆಳೆದವರು ನಾವು, ಗಿರಾಕಿಗೆ ಕೊಡಲು ಮಾತ್ರ ನಾಚಿಕೆ! ಪಾಂಬೋಲನ್ನು ಚೀನಾದವರು ಕೊಳ್ಳುತ್ತಾರೆ, ಮದ್ಮಲ್ ಕಾರ್ಖಾನೆಯಲ್ಲಿ ಸುರಿಮಿಯಾಗಿ ಹಡಗು ಹತ್ತುತ್ತದೆ.

ಆದರೆ ಇವುಗಳ ಅಡುಗೆ ಬೇರೆ. ನಾವು ಮೊದಲ ಸಲ ಧೋಮಾವನ್ನು ಸುರ್ಮೈಯಂತೆಯೇ ಕುದಿಸಿ, ಸೌಟು ಹಾಕಿ ತಿರುವಿದೆವು. ಮೀನು ಕರಗಿ ಮುಳ್ಳಿನ ಸಾರಾಯಿತು. ಗಿರಾಕಿ ತಟ್ಟೆ ದೂಡಿ ಎದ್ದು ಹೋದರು, ತಪ್ಪು ನಮ್ಮದೇ. ಈಗ ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಬಿಟ್ಟು, ಸೌಟು ಮುಟ್ಟಿಸದೆ ಪಾತ್ರೆಯನ್ನೇ ಅಲ್ಲಾಡಿಸಿ ಇಳಿಸುತ್ತೇವೆ. ಅದೂ ಆರ್ಡರ್ ಬಂದ ಮೇಲೆ, ಬೇಕಾದಷ್ಟೇ. ಮದ್ಮಲಿನ ಮಾಂಸ ಮೆದು, ಮಸಾಲೆಯಲ್ಲಿ ಗಂಟೆಗಟ್ಟಲೆ ನೆನೆಸಬಾರದು. ರವೆಯಲ್ಲಿ ಹೊರಳಿಸಿ ಕಾದ ತವಾದಲ್ಲಿ ಹುರಿದರೆ ಸಾಕು. ಪಾಂಬೋಲಿಗೆ ಹುರುಪೆ ಇಲ್ಲ, ಬೆಳ್ಳಿಯಂಥ ಪೊರೆಯನ್ನು ಹರಳುಪ್ಪಿನಿಂದ ಉಜ್ಜಿ ತೆಗೆದು, ಬೆನ್ನಿನ ರೆಕ್ಕೆ ಕತ್ತರಿಸಿ ತುಂಡು ಮಾಡಬೇಕು. ಮೂರಕ್ಕೂ ಮಂಜುಗಡ್ಡೆ ತಪ್ಪಬಾರದು. ಧಕ್ಕಾದಿಂದ ಠಾಕುರ್ಲಿಗೆ ಬರುವಷ್ಟರಲ್ಲೇ ಮೆತ್ತಗಾಗುವ ಮೀನುಗಳಿವು.

ಲೆಕ್ಕದ ಮಾತು ಒಂದಿದೆ. ತಲೆ, ಹೊಟ್ಟೆ ತೆಗೆದರೆ ತೂಕ ಬಹಳ ಇಳಿಯುತ್ತದೆ. ಶುಚಿ ಮಾಡಿದ ಮೇಲೆ ತೂಗಿಯೇ ಪ್ಲೇಟಿನ ದರ ಕಟ್ಟಬೇಕು. ಕಡಿಮೆಗೆ ಸಿಕ್ಕಿತೆಂದು ಕಣ್ಣಂದಾಜಿನಲ್ಲಿ ದರ ಹಾಕಿ ನಾವು ಕೈಸುಟ್ಟುಕೊಂಡಿದ್ದೇವೆ.

ಮೆನುಕಾರ್ಡಿಗೆ ಸೇರಿಸುವ ಗೋಜು ಬೇಡ, ಗಲ್ಲೆಯ ಹತ್ತಿರ ಒಂದು ಕರಿಹಲಗೆ ಸಾಕು. ಅದರಲ್ಲಿ ಅಂದು ಬಂದ ಮೀನಿನ ಹೆಸರನ್ನು ಇದ್ದದ್ದು ಇದ್ದಂತೆ ಬರೆಯುತ್ತೇವೆ. ಬಡಿಸುವ ಹುಡುಗರಿಗೆ ಮೊದಲು ತಿನ್ನಿಸುತ್ತೇವೆ. ಮುಳ್ಳು ಹೇಗೆ ಎಂದು ಗಿರಾಕಿ ಕೇಳಿದರೆ ಉತ್ತರ ಹೇಳಬೇಕಲ್ಲ! ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯದ ದಿನಗಳಲ್ಲಿ ಅದೇ ಹಲಗೆಯಲ್ಲಿ ಒಣ ಬೊಂಬಿಲ್ ಚಟ್ನಿ ಎಂದು ಬರೆಯುತ್ತೇವೆ. ಅದನ್ನು ಕೇಳಿಕೊಂಡೇ ಬರುವವರು ಈಗ ಇದ್ದಾರೆ.