ನಮ್ಮತ್ತೆ ಮಂಡಿ, ಒಂದೂವರೆ ಲಕ್ಷದ ಸೂಜಿ

ಹೋದ ತಿಂಗ್ಳು ನಮ್ಮತ್ತೆ ಕತ್ತಿನ ಎರಡೆಳೆ ಸರ ಬಿಚ್ಚಿ ನಮ್ಮ ಯಜಮಾನ್ರ ಕೈಗೆ ಕೊಟ್ರು, ಗಿರವಿ ಇಟ್ಟು ಬಾ ಅಂತ. ಹುಣಸೂರಿನ ಒಂದು ಛತ್ರದಲ್ಲಿ ಮಂಡಿನೋವಿನ ಕ್ಯಾಂಪ್ ಹಾಕಿದ್ರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಮಂಡಿಗೆ ಚುಚ್ತಾರಂತೆ, ಸವೆದಿದ್ದೆಲ್ಲ ಮತ್ತೆ ಬೆಳೀತದಂತೆ, ಒಂದು ಮಂಡಿಗೆ ಒಂದೂವರೆ ಲಕ್ಷವಂತೆ. ಸ್ಟೆಮ್ ಸೆಲ್ ಅಂತ ಅದರ ಹೆಸರು. ನಾನು ಬೇಡ ಅಂದೆ. ಅವತ್ತಿಂದ ಅತ್ತೆಯೂ ಮಾತಾಡ್ತಿಲ್ಲ, ಪಿರಿಯಾಪಟ್ಟಣದ ನಾದಿನಿಯೂ ಮಾತಾಡ್ತಿಲ್ಲ. "ಸೊಸೆಗೆ ದುಡ್ಡಿನ ಚಿಂತೆ" ಅಂತವ್ರೆ. ಹೂಂ, ಚಿಂತೆಯೇ. ಯಾಕೆ ಅಂತ ಕೇಳಿ.

2017ರ ಐಸಿಎಂಆರ್ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡೋ ಮಜ್ಜೆ ಕಸಿಯಂಥದ್ದು ಬಿಟ್ರೆ ಸ್ಟೆಮ್ ಸೆಲ್ ಕೊಡೋದು ಇನ್ನೂ ಪ್ರಯೋಗವೇ. ಅದನ್ನ ಚಿಕಿತ್ಸೆ ಅಂತ ದುಡ್ಡಿಗೆ ಮಾರೋ ಹಾಗಿಲ್ಲ. ಆಮೇಲೆ 2022ರಲ್ಲಿ ಮಂಡಿ ಸವೆತದ ಒಂದು ಔಷಧಿಗೆ ಕೇಂದ್ರದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ರು. ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್‌ನವರದ್ದು. ಆದ್ರೆ ಅದು ಆರೋಗ್ಯವಂತ ದಾನಿಗಳ ಮಜ್ಜೆಯ ಜೀವಕೋಶವನ್ನ ಲ್ಯಾಬ್‌ನಲ್ಲಿ ಬೆಳೆಸಿ, ಹೆಪ್ಪುಗಟ್ಟಿಸಿ ಶೀಸೆಯಲ್ಲಿ ಬರೋದು. ಛತ್ರದಲ್ಲಿ ನಮ್ಮದೇ ಸೊಂಟದಿಂದ ಎಳೆದು ಅಲ್ಲೇ ಚುಚ್ಚೋದಲ್ಲ. ಅದನ್ನ ಪರೀಕ್ಷೆ ಮಾಡಿದ್ದೂ ಎರಡನೇ, ಮೂರನೇ ಹಂತದ ಸವೆತ ಇರೋರ ಮೇಲೆ. ನಮ್ಮತ್ತೆ ಎಕ್ಸ್‌ರೇಲಿ ಮೂಳೆಗೆ ಮೂಳೆ ತಾಕ್ತಾ ಅದೆ, ನಾಲ್ಕನೇ ಹಂತ. ಕ್ಯಾಂಪ್‌ನೋರು ಎಕ್ಸ್‌ರೇ ಬೆಳಕಿಗೆ ಹಿಡಿದೂ ನೋಡ್ಲಿಲ್ಲ. ಸರ ನೋಡಿದ್ರು.

"ಕೆ.ಆರ್. ನಗರದ ದೊಡ್ಡಮ್ಮಂಗೆ ನೋವು ಇಳೀಲಿಲ್ವಾ?" ಅಂತಾಳೆ ನಾದಿನಿ. ಇಳಿದಿರಬಹುದು. ಅಮೆರಿಕದಲ್ಲಿ 475 ಜನರ ಮೇಲೆ ಪರೀಕ್ಷೆ ಮಾಡಿ 2023ರಲ್ಲಿ ಬರೆದವ್ರೆ. ಒಂದಷ್ಟು ಜನಕ್ಕೆ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯ ಜೀವಕೋಶ ಹಾಕಿದ್ರು, ಇನ್ನೊಂದಷ್ಟು ಜನಕ್ಕೆ ಬರೀ ಸ್ಟೀರಾಯ್ಡ್ ಸೂಜಿ. ವರ್ಷ ಕಳೆದ ಮೇಲೆ ಎರಡು ಕಡೆಯೋರಿಗೂ ನೋವು ಇಳಿದಿತ್ತು. ಯಾವ ಜೀವಕೋಶವೂ ಸ್ಟೀರಾಯ್ಡ್‌ಗಿಂತ ಹೆಚ್ಚು ಮಾಡಿರ್ಲಿಲ್ಲ. (ಸ್ಟೀರಾಯ್ಡೂ ಪದೇ ಪದೇ ಒಳ್ಳೇದಲ್ಲ, ಅದನ್ನೂ ಹೇಳ್ಬುಡ್ತೀನಿ.) ದೊಡ್ಡಮ್ಮಂದು ಸುಳ್ಳು ಅಂತಿಲ್ಲ ನಾನು. ಅದಕ್ಕೆ ಲಕ್ಷಗಟ್ಟಲೆ ಬೇಕಿತ್ತಾ ಅಂತಿದ್ದೀನಿ.

ಈ ಮಂಡಿ ಸವೆದದ್ದಾದ್ರೂ ಹೆಂಗೆ? ನಲವತ್ತು ವರ್ಷ ಬಗ್ಗಿ ಹೊಗೆಸೊಪ್ಪು ಮುರಿದು, ಬ್ಯಾರನ್ ಮುಂದೆ ಕುಕ್ಕರುಗಾಲಲ್ಲಿ ಕೂತು ಕಡ್ಡಿಗೆ ಕಟ್ಟಿದ ಮಂಡಿ ಅದು. ನಮ್ಮ ಕಡೆ ಐವತ್ತು ದಾಟಿದ ಎಷ್ಟು ಹೆಂಗಸ್ರು ಗೋಡೆ ಹಿಡೀದೆ ಏಳ್ತಾರೆ, ಎಣಿಸಿ ನೋಡಿ. ಸರ ಗಿರವಿಗೆ ಒಂದೇ ದಿನದಲ್ಲಿ ಒಪ್ಪಿದ ನಮ್ಮ ಯಜಮಾನ್ರು, ಅಮ್ಮಂಗೆ ಒಂದು ಕಮೋಡ್ ಹಾಕ್ಸಿ ಅಂತ ಮೂರು ವರ್ಷದಿಂದ ಹೇಳಿದ್ರೂ ಕಿವಿಗೆ ಹಾಕ್ಕೊಂಡಿಲ್ಲ. ಫಿಸಿಯೋದವರು ತೊಡೆ ಬಲ ಆಗೋಕೆ ಮಲಗಿ ಕಾಲು ನೆಟ್ಟಗೆ ಎತ್ತೋದು ಹೇಳ್ಕೊಟ್ರೆ, "ಬಿಡವ್ವಾ, ಪುಕ್ಕಟೆ ಮಾಡೋದೂ ಒಂದು ಔಷಧಿನಾ" ಅಂತಾರೆ ಅತ್ತೆ. ಇದ್ಯಾವುದಕ್ಕೂ ಬಗ್ಗದೆ ಹೋದ್ರೆ ಮಂಡಿ ಬದಲಾಯಿಸೋ ಆಪರೇಷನ್ನೇ ಗತಿ. ಆವತ್ತು ಸರವೇ ಇಲ್ದಿದ್ರೆ ಯಾರ ಮುಂದೆ ಹೋಗಿ ನಿಂತ್ಕೋಬೇಕು?

ಮುಂದಿನ ಭಾನುವಾರ ಕ್ಯಾಂಪ್ ಎಚ್.ಡಿ. ಕೋಟೆಗೆ ಬತ್ತದಂತೆ. ಆ ಕಡೆ ಚಿಕ್ಕಮ್ಮಂದಿರು ಹೊರಟಿದ್ರೆ, ಶೀಸೆ ತೋರ್ಸಿ, ಒಪ್ಪಿಗೆ ಕಾಗದ ತೋರ್ಸಿ, ನನ್ನ ಎಕ್ಸ್‌ರೇ ಯಾವ ಹಂತ ಹೇಳಿ ಅಂತ ಕೇಳಿ, ಆಮೇಲೆ ಕತ್ತಿಗೆ ಕೈ ಹಾಕಿ. ನಮ್ಮತ್ತೆ ಸರ ಸದ್ಯಕ್ಕೆ ಬೀರುವಲ್ಲಿ ಅದೆ. ಬೀಗದ ಕೈ ಅವರ ಸೊಂಟದಲ್ಲೇ.