ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ನೋವು ಸುಳ್ಳಾ?

ನಮ್ಮಲ್ಲಿ ಯಾರಾದ್ರೂ ತಿಂಗಳುಗಟ್ಟಲೆ ಬೆನ್ನುನೋವು ಅಂದ್ರೆ ಉತ್ತರ ರೆಡಿ ಇರುತ್ತೆ: "ಇಂಟರ್ನಲ್ಸ್ ಬಂತಲ್ಲ, ಅದಕ್ಕೇ." ಹುಡುಗಿಯರು ತಿಂಗಳ ಹೊಟ್ಟೆನೋವು ತಡೆಯೋಕಾಗ್ತಿಲ್ಲ ಅಂದ್ರೆ, "ಮದುವೆ ಆದ್ಮೇಲೆ ಸರಿಹೋಗುತ್ತೆ." ಡಾಕ್ಟರ್ ಹತ್ರ ಹೋದ್ರೆ ಬ್ಲಡ್ ಟೆಸ್ಟ್, ಎಕ್ಸ್‌ರೇ, ಕೊನೆಗೆ "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ." ನೋವು ಮಾತ್ರ ಹಾಗೇ ಇರುತ್ತೆ.

ಲ್ಯಾಬಲ್ಲಿ ಮಲ್ಟಿಮೀಟರ್ ರೀಡಿಂಗ್ ಸರಿ ಇದ್ದು ಸರ್ಕ್ಯೂಟ್ ಓಡದಿದ್ರೆ, ಸರ್ಕ್ಯೂಟ್ ನಾಟಕ ಆಡ್ತಿದೆ ಅಂತ ನಾವು ಹೇಳಲ್ಲ. ಇನ್ನೊಂದು ಕಡೆ ಅಳೆದು ನೋಡ್ತೀವಿ. ಮನುಷ್ಯರಿಗೆ ಅಷ್ಟೂ ತಾಳ್ಮೆ ಬೇಡವಾ?

ಸವಳಂಗ ರಸ್ತೆಯಿಂದ ತುಂಬಾ ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿ ನೋವಿನಿಂದ ಜನ ನಡೆಯಲಾರದ ಸ್ಥಿತಿಗೆ ಬಂದದ್ದು ಹೊರಜಗತ್ತಿನ ಗಮನಕ್ಕೆ ಬಂತು. ನರಳಿದವರು ಹೆಚ್ಚಾಗಿ ದಲಿತ ಕೂಲಿ ಕುಟುಂಬದವರು. ಗದ್ದೆಯ ಏಡಿ ತಿಂದದ್ದಕ್ಕಾ, ಕೀಟನಾಶಕಕ್ಕಾ ಎಂಬ ಅನುಮಾನಗಳು ಬಂದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಧ್ಯಯನದಿಂದ ಇದು ವಂಶವಾಹಿಯಿಂದ ಬರುವ ಮೂಳೆಯ ಕಾಯಿಲೆ ಎಂದು ತಿಳಿಯಿತು. ಕಾರಣ ಗೊತ್ತಿಲ್ಲದ ಕಾಲದಲ್ಲೂ ಅವರ ನೋವು ನಿಜವೇ ಆಗಿತ್ತು.

ಅಲ್ಲಿ ಎಕ್ಸ್‌ರೇಯಲ್ಲಿ ಕೀಲು ಸವೆದದ್ದಾದರೂ ಕಾಣುತ್ತಿತ್ತು. ಫೈಬ್ರೊಮಯಾಲ್ಜಿಯಾದಂಥ ಕಾಯಿಲೆಯಲ್ಲಿ ಅದೂ ಕಾಣಲ್ಲ. ಹಾಗಂತ ವೈದ್ಯವಿಜ್ಞಾನ ಅದನ್ನು ಸುಳ್ಳು ಅನ್ನುವುದಿಲ್ಲ. ನೋವಿದೆ ಎಂದು ರೋಗಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಪ್ರಕಾರ, 3 ತಿಂಗಳಿಗಿಂತ ಹೆಚ್ಚು ಕಾಡುವ ನೋವು ತಾನೇ ಒಂದು ಕಾಯಿಲೆ ಆಗಿರಬಹುದು.

ಓಪಿಡಿ ಕ್ಯೂ ಎಷ್ಟುದ್ದ ಅಂತ ನಮಗೂ ಗೊತ್ತು. ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕಿದ್ರೆ ಹೆಚ್ಚು. ಅದಕ್ಕೆ ನಾವೂ ತಯಾರಾಗಿ ಹೋಗಬೇಕು. ನೋವು ಎಲ್ಲಿ, ಯಾವಾಗ ಶುರು, ಎಷ್ಟು ಹೊತ್ತು, ಅದರಿಂದ ಯಾವ ಕೆಲಸ ನಿಂತಿದೆ ಅಂತ ಎರಡು ವಾರ ಬರೆದಿಡಿ. "ಬೆನ್ನುನೋವು" ಅನ್ನೋದಕ್ಕಿಂತ "ಅರ್ಧ ಗಂಟೆ ಕೂರೋಕಾಗಲ್ಲ" ಅಂದ್ರೆ ಬೇಗ ಅರ್ಥವಾಗುತ್ತೆ. ಒಬ್ಬ ಫ್ರೆಂಡನ್ನು ಕರ್ಕೊಂಡು ಹೋಗಿ. "ಇದಲ್ಲ ಅಂದ್ರೆ ಮುಂದೇನು ನೋಡೋಣ ಡಾಕ್ಟ್ರೇ?" ಅಂತ ಕೇಳದೆ ಎದ್ದು ಬರಬೇಡಿ.

ಡಾಕ್ಟರುಗಳಲ್ಲಿ ನಮ್ಮದು ಒಂದೇ ಕೋರಿಕೆ. ಗೊತ್ತಾಗದಿದ್ದಾಗ "ಇನ್ನೂ ಗೊತ್ತಾಗಿಲ್ಲ" ಅನ್ನಿ. ಹಾಗಂದ್ರೆ ಮತ್ತೆ ಬರೋಕೆ ನಮಗೆ ಧೈರ್ಯ ಬರುತ್ತೆ. "ಏನೂ ಇಲ್ಲ" ಅಂದ್ರೆ ನಾವು ಮತ್ತೆ ಬಾಯಿ ಬಿಡಲ್ಲ, ನೋವು ನುಂಗ್ಕೊಂಡು ಹಾಸ್ಟೆಲ್ಲಲ್ಲಿ ಮಲಗ್ತೀವಿ.